ಗಾಲಿಗೆ ಅಡ್ಡ ಕೊಡುವವನಿಗೆ

ಕೆ.ಬಿ. ಬಡಾವಣೆ,
ದಾವಣಗೆರೆ

ಮಗಾ,

ನಿಮ್ಮವ್ವನ ಮೊಣಕಾಲು ನೋವು ಮೊದಲಿಗಿಂತ ಕಡಿಮೆಯಾಗಿದೆ. ಸಂಜೆ ಗುಡಿಯ ತನಕ ನಡೆದು ಹೋಗಿ ಬರುತ್ತಾಳೆ, ಮೆಟ್ಟಿಲು ಹತ್ತುವಾಗ ಮಾತ್ರ ನನ್ನ ಭುಜ ಹಿಡಿಯುತ್ತಾಳೆ. ಹೋದ ವಾರ ಅಕ್ಕ ಮಕ್ಕಳನ್ನು ಕರಕೊಂಡು ರಾಣೆಬೆನ್ನೂರಿನಿಂದ ಬಂದಿದ್ದಳು. ದೊಡ್ಡವನು ನಿನ್ನ ಡಿಪ್ಲೊಮಾ ಕಾಲದ ಡ್ರಾಯಿಂಗ್ ಬೋರ್ಡ್ ಕೇಳಿದ. ನೀನು ಬೇಡ ಅನ್ನುವುದಿಲ್ಲ ಅಂತ ಕೊಟ್ಟು ಕಳಿಸಿದೆ.

ದಿನಾ ಫೋನಿನಲ್ಲಿ ಮಾತಾಡುವ ಅಪ್ಪ ಈಗ ಕಾಗದ ಯಾಕೆ ಬರೆದ ಅಂತ ಗಾಬರಿಯಾಗಬೇಡ. ನಿನ್ನ ಫೋನು ಬಂತೆಂದರೆ ನಿಮ್ಮವ್ವ ಪಕ್ಕಕ್ಕೇ ಬಂದು ಕೂರುತ್ತಾಳೆ, ಸ್ಪೀಕರ್ ಹಾಕಿ ಅಂತಾಳೆ. ನಾನು ಹೇಳಬೇಕಾದ್ದರಲ್ಲಿ ಅರ್ಧ ಅವಳ ಕಿವಿಗೆ ಬೀಳಬಾರದು. ಕಾಗದ ಬರೆಯುತ್ತಿದ್ದೇನೆ ಅಂತ ಅವಳಿಗೆ ಗೊತ್ತು, ಏನು ಬರೆಯುತ್ತಿದ್ದೇನೆ ಅಂತ ಗೊತ್ತಿಲ್ಲ. ನೀನೂ ಓದಿ ನಿನ್ನಲ್ಲೇ ಇಟ್ಟುಕೋ.

ಬೀದರ್‌ಗೆ ಪೋಸ್ಟಿಂಗ್ ಆಯಿತು, ವಾಯುಪಡೆಯ ಸೂರ್ಯಕಿರಣ್ ಪ್ರದರ್ಶನ ತಂಡದ ವಿಮಾನಗಳ ಕೆಲಸವೇ ಸಿಗುತ್ತದೆ ಅಂತ ನೀನು ಹೇಳಿದ ದಿನ ಅವಳು ಬೀದಿಯ ಮನೆಮನೆಗೂ ಸಕ್ಕರೆ ಕೊಟ್ಟು ಬಂದಳು. ಎದುರು ಮನೆಯ ಅಜ್ಜಿ, "ಹಂಗಾರೆ ನಿನ್ನ ಮಗ ಇಮಾನ ಹಾರಿಸ್ತಾನೇನು?" ಅಂತ ಕೇಳಿದರಂತೆ. "ಹಾರಿಸೋರು ಬೇರೆ ಇದಾರೆ ಅಜ್ಜಿ, ಇದು ಹಾರಬಹುದು ಅಂತ ಹೇಳೋನು ನನ್ನ ಮಗ" ಅಂದಳಂತೆ ನಿಮ್ಮವ್ವ. ಅವಳು ಬಂದು ಇದನ್ನು ಹೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬೆಳಗಾವಿಯ ಸಾಂಬ್ರಾದಲ್ಲಿ ನಿನ್ನ ತರಬೇತಿ ಮುಗಿದ ದಿನದಿಂದ ನಾನು ಹುಡುಕುತ್ತಿದ್ದ ಮಾತನ್ನು ಅವಳು ಹೊಸಿಲಲ್ಲಿ ನಿಂತು ಸಲೀಸಾಗಿ ಹೇಳಿಬಿಟ್ಟಿದ್ದಳು.

ಫೆಬ್ರವರಿಯಲ್ಲಿ ನಾವಿಬ್ಬರೂ ಯಲಹಂಕಕ್ಕೆ ಹೋಗಿದ್ದು ನಿನಗೆ ಗೊತ್ತೇ ಇದೆ. ಫೋಟೋ ಕಳಿಸಿದ್ದೆ, ಆದರೆ ನೋಡಿದ್ದನ್ನು ಸರಿಯಾಗಿ ಹೇಳಿರಲಿಲ್ಲ. 2025ರ ಏರೋ ಇಂಡಿಯಾ ವಿಮಾನ ಮೇಳ, ಜನರಿಗೆ ಬಿಟ್ಟ ದಿನ. ಬೆಳಗಿನಿಂದಲೇ ಬಿಸಿಲು. ರಷ್ಯಾದ ಸುಖೋಯ್-57, ಅಮೆರಿಕದ ಎಫ್-35 ಎರಡೂ ಒಂದೇ ನೆಲದಲ್ಲಿ ನಿಂತಿವೆ ಅಂತ ಪಕ್ಕದ ಹುಡುಗರು ಕುಣಿದಾಡುತ್ತಿದ್ದರು. ಮೇಲೆದ್ದ ಯುದ್ಧವಿಮಾನಗಳ ಸದ್ದಿಗೆ ನಿಮ್ಮವ್ವ ಕಿವಿ ಮುಚ್ಚಿಕೊಂಡಳು, ನನಗೂ ಎದೆ ನಡುಗಿತು. ಅದು ಇಂಜಿನ್ನಿನ ಬಲ, ಅಷ್ಟೇ ಅನ್ನಿಸಿತು. ಸೂರ್ಯಕಿರಣ್ ತಂಡದ ಕೆಂಪು ಬಿಳಿ ಬಣ್ಣದ ಒಂಬತ್ತು ಹಾಕ್ ವಿಮಾನಗಳು ಒಟ್ಟಿಗೆ ಮೇಲೆ ಬಂದಾಗ ಮಾತ್ರ ನಾನು ಎದ್ದು ನಿಂತೆ.

ಒಂಬತ್ತೂ ಸೇರಿ ವಜ್ರದ ಆಕಾರ ಮಾಡಿಕೊಂಡು ನಮ್ಮೆದುರಿಗೆ ಬಂದವು. ಹಾಗೇ ಮೂಗು ಮೇಲೆತ್ತಿ, ಹೊಗೆ ಬಿಡುತ್ತಾ ಇಡೀ ಆಕಾಶದಲ್ಲಿ ಒಂದು ಸುತ್ತು ಹಾಕಿದವು. ನೆತ್ತಿಯ ಮೇಲೆ ಅಂಗಾತ ತಿರುಗಿದಾಗಲೂ ಒಂದರ ಪಕ್ಕದಲ್ಲಿ ಒಂದು ಇದ್ದ ಜಾಗ ಕದಲಲಿಲ್ಲ. ಆಮೇಲೆ ಗುಂಪು ಒಡೆದು, ಎರಡು ವಿಮಾನ ಎದುರುಬದುರು ಬಂದು ಒಂದನ್ನೊಂದು ದಾಟಿಹೋದವು. ದಾಟುವ ಆ ಕ್ಷಣ ನಿಮ್ಮವ್ವ ನನ್ನ ತೋಳು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಸಂಜೆಯವರೆಗೂ ಗುರುತು ಹೋಗಲಿಲ್ಲ. ಇನ್ನೆರಡು ಹೊಗೆಯಲ್ಲಿ ಹೃದಯದ ಚಿತ್ರ ಬರೆದವು. ಜನ ಚಪ್ಪಾಳೆ ಹೊಡೆದರು. ನಾನು ಚಪ್ಪಾಳೆ ಹೊಡೆಯಲಿಲ್ಲ, ಕೈ ಬರಲಿಲ್ಲ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡಿದ ಮನುಷ್ಯ ನಾನು. ರೆಕ್ಕೆಯ ತುದಿಯಿಂದ ಪಕ್ಕದವನ ರೆಕ್ಕೆಯ ತುದಿಗೆ ಐದು ಮೀಟರ್ ಸುಮಾರಿನ ಅಂತರ ಅಂತ ಓದಿದ್ದೆ. ನಮ್ಮ ಜಾಬು ಗಟ್ಟಿಯಾಗಿ ಬಿಗಿದ ಚಕ್‌ನಲ್ಲಿ ಕೂತಿರುತ್ತಿತ್ತು, ಇವರು ಬಿಗಿದುಕೊಂಡದ್ದು ಗಾಳಿಯನ್ನು. ಬಿಸಿಲಿಗೆ ಕಾದ ನೆಲದಿಂದ ಗಾಳಿ ಎದ್ದರೆ ವಿಮಾನ ಕುಲುಕುತ್ತದೆ. ಒಂಬತ್ತೂ ಒಂದೇ ಸಲ ಒಂದೇ ತರಹ ಕುಲುಕುವುದಿಲ್ಲ. ಹಾಗಿದ್ದೂ ಅಂತರ ಕಾಯಬೇಕು.

ಆಮೇಲೆ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ಗುಂಪಿನಲ್ಲಿ ಹಾರುವಾಗ ಮುಂದಿನ ನಾಯಕನೊಬ್ಬನೇ ನೆಲ, ದಿಗಂತ, ಎತ್ತರ, ವೇಗ ಎಲ್ಲ ನೋಡುತ್ತಾನೆ. ಉಳಿದವರ ಕಣ್ಣು ಪಕ್ಕದ ವಿಮಾನದ ಮೇಲಿನ ಒಂದೆರಡು ಗುರುತಿನ ಮೇಲೇ ನೆಟ್ಟಿರುತ್ತದೆ. ತಾನು ಅಂಗಾತ ಇದ್ದೇನೋ ನೆಟ್ಟಗಿದ್ದೇನೋ ಅಂತ ಅವರು ನೋಡಲು ಹೋಗುವುದಿಲ್ಲ. ನಾಯಕ ಸರಿ ಇದ್ದರೆ ಎಲ್ಲರೂ ಸರಿ, ಅವನು ನೆಲಕ್ಕೆ ಹೋದರೆ ಎಲ್ಲರೂ ಹೋಗುತ್ತಾರೆ. ಹೀಗೆ ನಂಬುವುದನ್ನು ಒಂದೇ ದಿನ ಕಲಿಸಲಾಗುವುದಿಲ್ಲ. ಆಗಲೇ ಯುದ್ಧವಿಮಾನ ಹಾರಿಸಿ, ಬೇರೆಯವರಿಗೆ ಪಾಠ ಹೇಳಿಕೊಟ್ಟ ಪೈಲಟ್‌ಗಳೇ ತಾವಾಗಿ ಮುಂದೆ ಬಂದು ಸೇರುತ್ತಾರೆ. ಎರಡು ವಿಮಾನದಿಂದ ಶುರು ಮಾಡಿ, ಮೂರು, ನಾಲ್ಕು ಅಂತ ತಿಂಗಳುಗಟ್ಟಲೆ ಕೂಡಿಸುತ್ತಾ ಹೋಗುತ್ತಾರೆ.

ಆದರೆ ಮಗಾ, ಆ ಎಂಟು ಜನ ನಾಯಕನನ್ನು ನಂಬುವ ಮೊದಲು ಒಂಬತ್ತೂ ಜನ ನಂಬುವ ಇನ್ನೊಬ್ಬ ಇದ್ದಾನೆ. ಅವನ ಹೆಸರನ್ನು ಮೈಕಿನಲ್ಲಿ ಯಾರೂ ಕೂಗುವುದಿಲ್ಲ. ಪೈಲಟ್ ಬಂದು ವಿಮಾನದ ಸುತ್ತ ಒಂದು ಸುತ್ತು ನಡೆದು ನೋಡುತ್ತಾನೆ, ನಿಜ. ಅವನು ನೋಡುವುದು ಹೊರಗಿನದನ್ನು. ತಗಡಿನ ಒಳಗೆ ನೀನು ಬಿಗಿದ ನಟ್ಟು ಸರಿಯಾಗಿದೆಯೋ ಇಲ್ಲವೋ ಅನ್ನುವುದು ಅವನ ಕಣ್ಣಿಗೆ ಬೀಳುವುದಿಲ್ಲ. ನಿನ್ನ ಸಹಿ ನೋಡಿ ಅವನು ಏಣಿ ಹತ್ತುತ್ತಾನೆ.

ನಮ್ಮ ಹರಿಹರೇಶ್ವರನ ತೇರು ನಿನಗೆ ನೆನಪಿರಬೇಕು. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದೆ. ಎಲ್ಲರೂ ಮೇಲಿನ ಕಳಸ ನೋಡಿ ಬಾಳೆಹಣ್ಣು ಎಸೆಯುತ್ತಿದ್ದರು, ನೀನು ಮಾತ್ರ ಕೆಳಗೆ ಬಗ್ಗಿ ಗಾಲಿ ನೋಡುತ್ತಿದ್ದೆ. ಗಾಲಿಯ ಪಕ್ಕದಲ್ಲೇ ಮರದ ತುಂಡು ಹಿಡಿದು ನಡೆಯುವ ಗಂಡಸರು ಇರುತ್ತಾರಲ್ಲ, ತೇರು ಓಲಿದರೆ, ದಾರಿ ತಪ್ಪಿದರೆ ತಟ್ಟನೆ ಬಗ್ಗಿ ಗಾಲಿಗೆ ಅಡ್ಡ ಕೊಡುವವರು, ಅವರನ್ನು ತೋರಿಸಿ "ಅಪ್ಪಾ, ಅವರಿಗೆ ಭಯ ಆಗಲ್ವಾ?" ಅಂತ ಕೇಳಿದ್ದೆ. ಹಗ್ಗ ಎಳೆಯುವವರು ನೂರಾರು ಜನ. ನಿಲ್ಲಿಸುವವರು ನಾಲ್ಕೇ ಜನ. ವಿಡಿಯೊಗಳಲ್ಲಿ ನಿಮ್ಮವರು ವಿಮಾನದ ಗಾಲಿಗೆ ಕೊಟ್ಟ ಚಾಕ್ಸ್ ಎಳೆದುಕೊಂಡು ಪಕ್ಕಕ್ಕೆ ಸರಿದು ಸೆಲ್ಯೂಟ್ ಹೊಡೆಯುವುದನ್ನು ನೋಡಿದಾಗೆಲ್ಲ ಆ ತೇರಿನವರೇ ಕಣ್ಣಿಗೆ ಬರುತ್ತಾರೆ.

ನಿನ್ನ ತಂಡದ ಕಥೆ ನಿನಗೆ ಅಲ್ಲಿ ಹೇಳಿಕೊಟ್ಟಿರುತ್ತಾರೆ. ಆದರೂ ನಮ್ಮ ನಾಡಿನ ಕಡೆಯಿಂದ ನಾನೊಂದು ಸಲ ಹೇಳುತ್ತೇನೆ. 1996ರಲ್ಲಿ ಅದು ಹುಟ್ಟಿದ್ದೇ ಬೀದರ್‌ನಲ್ಲಿ. ಮೊದಲ ನಾಯಕ ವಿಂಗ್ ಕಮಾಂಡರ್ ಕುಲದೀಪ್ ಮಲಿಕ್. ಅದಕ್ಕಿಂತ ಮೊದಲು ಎಂಬತ್ತರ ದಶಕದಲ್ಲಿ ಹಂಟರ್ ವಿಮಾನಗಳ 'ಥಂಡರ್‌ಬೋಲ್ಟ್ಸ್' ಅನ್ನುವ ತಂಡ ಇತ್ತು, ಅದು ನಿಂತುಹೋಗಿತ್ತು. ಸೂರ್ಯಕಿರಣ್ ಮೊದಲು ಹಾರಿಸಿದ್ದು ಕಿರಣ್ ವಿಮಾನಗಳನ್ನು, ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ವಿನ್ಯಾಸ ಮಾಡಿ ಕಟ್ಟಿದ ವಿಮಾನ. ಅದರ ಹಿಂದೆ ಡಾ. ವಿ.ಎಂ. ಘಾಟಗೆ ಅವರ ಕೆಲಸ ಇತ್ತು. 1964ರಲ್ಲೇ ಅದು ಮೊದಲ ಸಲ ಮೇಲೆದ್ದಿತ್ತು. ಹುಡುಗರಿಗೆ ಹಾರುವುದನ್ನು ಕಲಿಸಲು ಮಾಡಿದ ಸಾಧು ವಿಮಾನ, ಅದನ್ನೇ ಆರು ಜೋಡಿಸಿ 1996ರ ಸೆಪ್ಟೆಂಬರಿನಲ್ಲಿ ಕೊಯಮತ್ತೂರಿನಲ್ಲಿ ಮೊದಲ ಪ್ರದರ್ಶನ ಕೊಟ್ಟರು. ಎರಡು ವರ್ಷದಲ್ಲಿ ಆರು ಹೋಗಿ ಒಂಬತ್ತಾಯಿತು. 2008ರಲ್ಲಿ ಚೀನಾದ ಝೂಹಾಯ್‌ಗೂ ಹೋಗಿ ಹಾರಿ ಬಂದರು.

ಬೆಂಗಳೂರಿನ ವಿಮಾನ ಕಾರ್ಖಾನೆ 1940ರಲ್ಲಿ, ನಮ್ಮ ಹರಿಹರದ ಲೇತ್ ಕಾರ್ಖಾನೆ 1941ರಲ್ಲಿ. ಎರಡೂ ಹಳೇ ಮೈಸೂರು ಸಂಸ್ಥಾನದ ಕಾಲದಲ್ಲಿ ಒಂದರ ಬೆನ್ನಿಗೆ ಒಂದು ಶುರುವಾದವು. ಹೊಲದಿಂದ ಬಂದ ನಮ್ಮಂಥವರ ಮಕ್ಕಳ ಕೈಗೆ ಮೈಕ್ರೋಮೀಟರ್ ಕೊಟ್ಟ ಕಾಲ ಅದು. ನಿನ್ನ ಅಜ್ಜ ಉಳುಮೆ ಮಾಡಿದ, ನಾನು ಲೇತ್ ಹಿಡಿದೆ, ನೀನು ಜೆಟ್ ಇಂಜಿನ್ ಮುಟ್ಟುತ್ತಿದ್ದೀಯ. ಕಾರ್ಖಾನೆ ಮುಚ್ಚಿದ ಮೇಲೆ ನನಗೆ ಕೆಲವು ವರ್ಷ ಆ ರಸ್ತೆಯಲ್ಲಿ ಹೋಗಲು ಮನಸ್ಸಾಗುತ್ತಿರಲಿಲ್ಲ. ಈಗ ಹೋಗುತ್ತೇನೆ. ಬಸ್ಸು ತುಂಗಭದ್ರಾ ಸೇತುವೆಯ ಕಡೆ ತಿರುಗುವಾಗ ಪಕ್ಕದವರಿಗೆ ನಿನ್ನ ವಿಷಯ ಹೇಳುತ್ತೇನೆ.

2011ರಲ್ಲಿ ಈ ತಂಡವನ್ನೇ ನಿಲ್ಲಿಸಿಬಿಟ್ಟಿದ್ದರು, ಗೊತ್ತಲ್ಲ? ಆ ವರ್ಷದ ಏರೋ ಇಂಡಿಯಾ ಮುಗಿದ ಮೇಲೆ ವಿಮಾನಗಳನ್ನು ತರಬೇತಿಗೆ ಕೊಟ್ಟರು. ಕಾರಣ ಹುಡುಕಿದರೆ ಅದು ಎರಡು ವರ್ಷ ಹಿಂದಕ್ಕೆ ಹೋಗುತ್ತದೆ. ಹೊಸ ಕೆಡೆಟ್‌ಗಳು ಮೊದಲು ಕಲಿಯುತ್ತಿದ್ದ ಎಚ್‌ಪಿಟಿ-32 ದೀಪಕ್ ವಿಮಾನಗಳು ಮತ್ತೆ ಮತ್ತೆ ಬಿದ್ದವು, ಜೀವ ತೆಗೆದವು. 2009ರಲ್ಲಿ ಅವನ್ನು ಪೂರ್ತಿ ನಿಲ್ಲಿಸಿದರು. ಹುಡುಗರಿಗೆ ಕಲಿಸಲು ಬೇರೆ ವಿಮಾನ ಬೇಕಲ್ಲ, ಇದ್ದದ್ದು ಕಿರಣ್. ದೇಶದ ಹೆಮ್ಮೆಯ ಪ್ರದರ್ಶನ ನಿಂತರೂ ಪರವಾಗಿಲ್ಲ, ಕಲಿಯುವ ಹುಡುಗರ ಕೈಗೆ ಕೆಟ್ಟ ವಿಮಾನ ಕೊಡುವುದಿಲ್ಲ ಅಂತ ತೀರ್ಮಾನ ಮಾಡಿದ ಹಾಗಾಯಿತು. ಆಗ ಬಹಳ ಜನಕ್ಕೆ ಬೇಸರವಾಗಿತ್ತು. ನನಗೆ ಅದು ಈ ತಂಡದ ಚರಿತ್ರೆಯಲ್ಲೇ ದೊಡ್ಡ ಕೆಲಸ ಅನ್ನಿಸುತ್ತದೆ. 2015ರಲ್ಲಿ ನಾಲ್ಕು ಹಾಕ್‌ಗಳಿಂದ ಮತ್ತೆ ಶುರು ಮಾಡಿ ನಿಧಾನಕ್ಕೆ ಒಂಬತ್ತಕ್ಕೆ ತಂದರು. ಮೊದಲ ಕರಾರಿನ 66 ಹಾಕ್‌ಗಳಲ್ಲಿ 24 ಇಂಗ್ಲೆಂಡಿನಲ್ಲಿ ತಯಾರಾದವು, 42 ಬೆಂಗಳೂರಿನಲ್ಲಿ. 2023ರ ದಸರಾಕ್ಕೆ ಮೈಸೂರಿನ ಬನ್ನಿಮಂಟಪದ ಮೇಲೆ ಹಾರಿದ್ದನ್ನು ನಾವು ಟಿ.ವಿ.ಯಲ್ಲಿ ನೋಡಿದೆವು. ಆಗ ನೀನು ಬೇರೆ ಕಡೆ ಇದ್ದೆ. "ಆ ಕೆಂಪು ವಿಮಾನದ ಹತ್ತಿರ ನಮ್ಮ ಹುಡುಗನ್ನ ಹಾಕಬಾರದಾ" ಅಂತ ನಿಮ್ಮವ್ವ ಅಂದಿದ್ದಳು.

ಇನ್ನು ಅವಳಿಗೆ ಹೇಳದ ಮಾತು.

2006ರ ಮಾರ್ಚಿನಲ್ಲಿ ಬೀದರ್‌ನಲ್ಲೇ ಅಭ್ಯಾಸ ಮಾಡುವಾಗ ಕಿರಣ್ ಬಿದ್ದು ವಿಂಗ್ ಕಮಾಂಡರ್ ಧೀರಜ್ ಭಾಟಿಯಾ, ಸ್ಕ್ವಾಡ್ರನ್ ಲೀಡರ್ ಶೈಲೇಂದರ್ ಸಿಂಗ್ ತೀರಿಕೊಂಡರು. 2009ರ ಜನವರಿಯಲ್ಲಿ ಅಲ್ಲೇ ವಿಂಗ್ ಕಮಾಂಡರ್ ಧಾಲಿವಾಲ್. 2019ರ ಫೆಬ್ರವರಿ 19, ಏರೋ ಇಂಡಿಯಾ ಶುರುವಾಗುವ ಹಿಂದಿನ ದಿನ, ಯಲಹಂಕದ ಮೇಲೆ ಎರಡು ಹಾಕ್‌ಗಳು ಒಂದಕ್ಕೊಂದು ತಗುಲಿದವು. ಇಬ್ಬರು ಆಸನ ಸಮೇತ ಹೊರಗೆ ಹಾರಿ ಉಳಿದರು, ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಉಳಿಯಲಿಲ್ಲ. ಫೆಬ್ರವರಿಯಲ್ಲಿ ನಾವು ಕೂತು ನೋಡಿದ್ದು ಅದೇ ಯಲಹಂಕದ ಆಕಾಶವನ್ನು. ನಿಮ್ಮವ್ವ ನಗುತ್ತಾ ಮೇಲೆ ನೋಡುತ್ತಿದ್ದಾಗ ನನ್ನ ಮನಸ್ಸಿನಲ್ಲಿ ಆ ಹೆಸರಿತ್ತು. ಅವಳಿಗೆ ಹೇಳಲಿಲ್ಲ. ಮುಂದೆಯೂ ಹೇಳುವುದಿಲ್ಲ.

ಬೇರೆ ದೇಶಗಳ ಕಥೆಯೂ ಇದೇ. 1988ರ ಆಗಸ್ಟ್ 28ರಂದು ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ಇಟಲಿಯ ತಂಡದ ಮೂರು ವಿಮಾನಗಳು ಡಿಕ್ಕಿ ಹೊಡೆದು, ಒಂದು ಉರಿಯುತ್ತಾ ಜನರ ಮೇಲೇ ಬಿತ್ತು. ಸತ್ತವರು 70 ಜನ. ಹೆಚ್ಚಿನವರು ನೋಡಲು ಬಂದು ನಿಂತಿದ್ದವರು. ಜನರ ಕಡೆಗೆ ಮುಖ ಮಾಡಿ ಕಸರತ್ತು ಮಾಡಬಾರದು, ಜನರಿಗೂ ವಿಮಾನಕ್ಕೂ ನಡುವೆ ಇಷ್ಟು ದೂರ ಇರಲೇಬೇಕು ಅನ್ನುವ ನಿಯಮಗಳು ಅದರ ನಂತರ ಬಿಗಿಯಾದವು. ಯಲಹಂಕದಲ್ಲಿ ನಮ್ಮ ಹಿಂದೆ ಕೂತಿದ್ದ ಒಬ್ಬರು ವಿಮಾನಗಳು ಇನ್ನೂ ಹತ್ತಿರ ಬರಬಾರದೇ ಅಂತ ಗೊಣಗುತ್ತಿದ್ದರು. ದೂರ ಯಾಕೆ ಅಂತ ಅವರಿಗೆ ಹೇಳಿದೆ. ಆಮೇಲೆ ಅವರೂ ಮಗನ ಕೈ ಹಿಡಿದುಕೊಂಡೇ ನೋಡಿದರು.

ಈ ಸಂಗತಿಗಳೆಲ್ಲ ಪೈಲಟ್‌ಗಳದ್ದು, ನೋಡಲು ಬಂದವರದ್ದು. ನನ್ನ ನಿದ್ದೆ ಕೆಡಿಸಿದ್ದು ಇನ್ನೆರಡು. ಇಂಗ್ಲೆಂಡಿನ ರೆಡ್ ಆ್ಯರೋಸ್ ತಂಡದವರೂ ಹಾಕ್ ಹಾರಿಸುತ್ತಾರೆ, ನಿಮ್ಮದಕ್ಕಿಂತ ಹಳೆಯ ಮಾದರಿ. 2011ರ ನವೆಂಬರಿನಲ್ಲಿ ಫ್ಲೈಟ್ ಲೆಫ್ಟಿನೆಂಟ್ ಶಾನ್ ಕನ್ನಿಂಗ್‌ಹ್ಯಾಮ್ ಅನ್ನುವ ಪೈಲಟ್ ಹಾರುವ ಮೊದಲಿನ ತಪಾಸಣೆ ಮಾಡುತ್ತಿದ್ದ. ವಿಮಾನ ನೆಲದ ಮೇಲೇ ನಿಂತಿತ್ತು. ಇದ್ದಕ್ಕಿದ್ದಂತೆ ಆಸನ ಸಿಡಿದು ಅವನನ್ನು ಮೇಲಕ್ಕೆ ಎಸೆಯಿತು. ಅಷ್ಟಾದರೂ ಅವನು ಬದುಕಬೇಕಿತ್ತು ಮಗಾ, ನೆಲದ ಮೇಲಿಂದ ಹಾರಿದರೂ ಉಳಿಸುವ ಹಾಗೆಯೇ ಆ ಆಸನ ಮಾಡಿರುತ್ತಾರೆ. ಪ್ಯಾರಾಚೂಟ್ ಬಿಚ್ಚಿಕೊಳ್ಳಲಿಲ್ಲ. ಯಾಕೆ ಗೊತ್ತಾ? ಪ್ಯಾರಾಚೂಟ್ ಬಿಡಿಸಿಕೊಂಡು ಹೊರಗೆ ಬರಬೇಕಾದ ಜಾಗದಲ್ಲಿ ಒಂದು ಕೊಂಡಿಯ ಬೋಲ್ಟು ಬೇಕಾದ್ದಕ್ಕಿಂತ ಹೆಚ್ಚು ಬಿಗಿಯಾಗಿತ್ತು. ಸಡಿಲ ಇದ್ದು ಕೆಟ್ಟದ್ದಲ್ಲ, ಬಿಗಿ ಹೆಚ್ಚಾಗಿ ಕೆಟ್ಟದ್ದು. ಹಾಗೆ ಬಿಗಿಯಬಾರದು ಅನ್ನುವ ಎಚ್ಚರಿಕೆಯನ್ನು ಆಸನ ಮಾಡಿದವರು ವಾಯುಪಡೆಗೆ ಬರೆದು ಕೊಟ್ಟಿರಲಿಲ್ಲ ಅಂತ ಕೋರ್ಟಿನಲ್ಲಿ ತೀರ್ಮಾನವಾಗಿ, 2018ರಲ್ಲಿ 11 ಲಕ್ಷ ಪೌಂಡ್ ದಂಡ ಹಾಕಿದರು.

ಆ ಬೋಲ್ಟನ್ನು ಬಿಗಿದ ಕೈ ಯಾರದ್ದೋ ನನಗೆ ಗೊತ್ತಿಲ್ಲ. ಅವನ ಬಗ್ಗೆ ಬಹಳ ಯೋಚನೆ ಮಾಡಿದ್ದೇನೆ. ಸೋಮಾರಿ ಕೈ ಅದಾಗಿರಲಿಕ್ಕಿಲ್ಲ. ಇನ್ನೊಂದು ಸುತ್ತು ಬಿಗಿದರೆ ಇನ್ನೂ ಭದ್ರ ಅಂತ ನಂಬಿದ ಕೈ ಇರಬೇಕು. ಒಳ್ಳೆಯ ಕೆಲಸಗಾರನಿಗೆ ಬರುವ ಕಾಯಿಲೆ ಇದು, ಅದಕ್ಕೇ ನಿನಗೆ ಹೇಳುತ್ತಿದ್ದೇನೆ. ನಿನ್ನ ಕೈಯಲ್ಲಿ ಬಲ ಇದೆ. ಸೈಕಲ್ಲಿನ ನಟ್ಟು ನೀನು ಬಿಗಿದರೆ ನನಗೆ ಬಿಚ್ಚಲು ಆಗುತ್ತಿರಲಿಲ್ಲ. ಪುಸ್ತಕದಲ್ಲಿ ಎಷ್ಟು ಬರೆದಿದೆಯೋ ಅಷ್ಟಕ್ಕೇ ಟಾರ್ಕ್ ರೆಂಚ್ 'ಟಕ್' ಅನ್ನಲಿ, ಆಮೇಲೆ ಕೈ ತೆಗೆ. ಕೈಗೆ ಇನ್ನೂ ಬಿಗಿಯಬೇಕು ಅನ್ನಿಸಿದರೂ ತೆಗೆ.

ಎರಡನೆಯದು, 2018ರ ಮಾರ್ಚಿನಲ್ಲಿ ವೇಲ್ಸ್‌ನಲ್ಲಿ ಆದದ್ದು. ಆ ತಂಡದಲ್ಲಿ ತಂತ್ರಜ್ಞರ ಒಂದು ಗುಂಪಿಗೆ 'ಸರ್ಕಸ್' ಅಂತ ಹೆಸರು. ಒಬ್ಬೊಬ್ಬ ಪೈಲಟ್‌ಗೆ ಒಬ್ಬೊಬ್ಬ ತಂತ್ರಜ್ಞ, ಊರಿಂದೂರಿಗೆ ಹೋಗುವಾಗ ಹಿಂದಿನ ಆಸನದಲ್ಲಿ ಕೂತು ಹೋಗುತ್ತಾರೆ. ಕಾರ್ಪೊರಲ್ ಜೊನಾಥನ್ ಬೇಲಿಸ್ ಹಾಗೆ ಹಿಂದೆ ಕೂತಿದ್ದಾಗ, ಮೇಲೆದ್ದ ಕೂಡಲೇ ಇಂಜಿನ್ ಕೆಟ್ಟರೆ ಏನು ಮಾಡಬೇಕು ಅನ್ನುವ ಅಭ್ಯಾಸ ಮಾಡುವಾಗ ವಿಮಾನ ಬಿತ್ತು. ಪೈಲಟ್ ಹೊರಗೆ ಹಾರಿ ಉಳಿದ. ಬೇಲಿಸ್ ತೀರಿಕೊಂಡ. ಕಾರ್ಪೊರಲ್, ನಿನ್ನದೇ ದರ್ಜೆ. ಇದನ್ನು ಓದಿದ ರಾತ್ರಿ ನಾನು ಎದ್ದು ಹೋಗಿ ನಿನ್ನ ಕೋಣೆಯ ದೀಪ ಹಾಕಿ ಕೂತಿದ್ದೆ. ಹಿಂದಿನ ಆಸನದಲ್ಲಿ ಕೂರಬೇಡ ಅಂತ ಹೇಳುವ ಹಕ್ಕು ನನಗಿಲ್ಲ. ಯಾವತ್ತಾದರೂ ಕೂರಿಸಿದರೆ, ಬೆಲ್ಟು ಹಾಕುವಾಗ ಅವರು ಹೇಳಿದ ಪಾಠವನ್ನು ಹೊಸದಾಗಿ ಕೇಳುವವನ ಹಾಗೆ ಕೇಳು. ಗೊತ್ತಿದೆ ಅಂತ ತಲೆಯಾಡಿಸಬೇಡ.

ಲೇತ್ ಕೆಲಸದಲ್ಲಿ ನನಗೆ ಮೊದಲ ದಿನ ಹೇಳಿಕೊಟ್ಟದ್ದು ಚಕ್ ಕೀ ವಿಷಯ. ಜಾಬು ಬಿಗಿದ ಮೇಲೆ ಕೀಯನ್ನು ಚಕ್‌ನಲ್ಲೇ ಬಿಟ್ಟು ಕೈ ತೆಗೆಯಬಾರದು. ಕೈ ಬಿಡುವುದಾದರೆ ಕೀ ಅದರ ಜಾಗಕ್ಕೆ ಹೋಗಿರಬೇಕು. ಕಿರ್ಲೋಸ್ಕರ್‌ನಲ್ಲಿ ನಮ್ಮ ಹಿರಿಯರು ಇದನ್ನು ಎಷ್ಟು ಸಲ ಹೇಳುತ್ತಿದ್ದರೆಂದರೆ ಕನಸಿನಲ್ಲೂ ಕೀ ತೆಗೆದಿಡುತ್ತಿದ್ದೆ. ಆಮೇಲೆ ನಾನು ದುಡಿದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಒಬ್ಬ ಹುಡುಗ ಊಟದ ಗಂಟೆಯ ಅವಸರದಲ್ಲಿ ಕೀ ಬಿಟ್ಟು ಮಷಿನ್ ಚಾಲೂ ಮಾಡಿದ. ಕೀ ಹಾರಿ ಗೋಡೆಗೆ ಬಡಿದು ಗಾರೆ ಕಿತ್ತುಬಂತು. ಆ ಹೊತ್ತಿಗೆ ಅಲ್ಲಿ ಯಾರೂ ನಿಂತಿರಲಿಲ್ಲ, ಅಷ್ಟೇ. ನಿಮ್ಮಲ್ಲಿ ಕೆಲಸ ಶುರುವಾಗುವ ಮೊದಲು, ಮುಗಿದ ಮೇಲೆ ಪೆಟ್ಟಿಗೆಯ ಒಂದೊಂದು ಸಾಮಾನನ್ನೂ ಎಣಿಸುತ್ತೀರಿ, ಒಂದು ಸ್ಪ್ಯಾನರ್ ಕಮ್ಮಿಯಾದರೂ ವಿಮಾನ ಬಿಡುವುದಿಲ್ಲ ಅಂತ ನೀನು ಹೇಳಿದಾಗ ನನಗೆ ಆದ ನೆಮ್ಮದಿ ನಿನಗೆ ಗೊತ್ತಾಗಿರಲಿಕ್ಕಿಲ್ಲ. ಹಾಕ್‌ಗೆ ಇರುವುದು ಒಂದೇ ಇಂಜಿನ್. ಅದರ ಬಾಯಿಗೆ ಒಂದು ತುಂಡು ತಂತಿ ಹೋದರೂ ಎರಡನೆಯದು ಕಾಪಾಡುತ್ತದೆ ಅನ್ನುವಂತಿಲ್ಲ.

ಎಣಿಕೆ ತಪ್ಪಿದ ದಿನ ಏನು ಮಾಡುತ್ತೀಯ, ಅದನ್ನು ಈಗಲೇ ಯೋಚಿಸಿಟ್ಟುಕೋ. ಕೆಳಗೆ ಸಾವಿರಾರು ಜನ ಕಾಯುತ್ತಿರುತ್ತಾರೆ, ಮಂತ್ರಿಗಳು ಬಂದಿರುತ್ತಾರೆ, ಟಿ.ವಿ.ಯವರು ಕ್ಯಾಮೆರಾ ಹಿಡಿದು ನಿಂತಿರುತ್ತಾರೆ, ಉಳಿದ ಎಂಟು ಇಂಜಿನ್ ಶುರುವಾಗಿರುತ್ತವೆ. ಆಗ ನೀನೊಬ್ಬ ಕೈ ಎತ್ತಿ "ಇದು ಹೋಗೋ ಹಾಗಿಲ್ಲ ಸರ್" ಅನ್ನಬೇಕು. ಅದು ಹಾರುವುದಕ್ಕಿಂತ ಕಷ್ಟದ ಕೆಲಸ ಇರಬಹುದು. ಆದರೆ ನಿನ್ನ ವಾಯುಪಡೆ ಅದನ್ನು ಮಾಡಿ ತೋರಿಸಿದೆ. ಫೆಬ್ರವರಿಯಲ್ಲಿ ಯಲಹಂಕದಲ್ಲಿ ನಾವು ಸಾರಂಗ್ ತಂಡದ ಹೆಲಿಕಾಪ್ಟರ್‌ಗಳನ್ನೂ ನೋಡಬೇಕು ಅಂತ ಹೋಗಿದ್ದೆವು. ನವಿಲಿನ ಚಿತ್ರ ಬರೆದ ಧ್ರುವ್ ಹೆಲಿಕಾಪ್ಟರ್‌ಗಳು, ಅವೂ ನಮ್ಮ ಬೆಂಗಳೂರಿನವೇ. ಅವು ಬರಲಿಲ್ಲ. ಜನವರಿಯಲ್ಲಿ ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಬಿದ್ದು ಮೂವರು ತೀರಿಕೊಂಡ ಮೇಲೆ ದೇಶದ ಧ್ರುವ್‌ಗಳನ್ನೆಲ್ಲ ನೆಲಕ್ಕೆ ಕೂರಿಸಿದ್ದರು. ಧ್ರುವ್ ಹುಟ್ಟಿದ ಊರಿನಲ್ಲೇ ಅಷ್ಟು ದೊಡ್ಡ ಮೇಳ, ಜಗತ್ತೆಲ್ಲ ನೋಡಲು ಬಂದಿತ್ತು, ಆದರೂ ಹಾರಿಸಲಿಲ್ಲ. ನಮ್ಮ ಪಕ್ಕದ ಹುಡುಗರು ಮುಖ ಸಣ್ಣ ಮಾಡಿಕೊಂಡರು. ಖಾಲಿ ಬಿದ್ದ ಆ ಆಕಾಶ ನೋಡಿ ನನಗೆ ಮಾತ್ರ ಧೈರ್ಯ ಬಂತು. ನನ್ನ ಮಗ ಕೈ ಎತ್ತಿದರೆ ಕೇಳುವವರು ಅಲ್ಲಿದ್ದಾರೆ ಅನ್ನಿಸಿತು.

ಯಾರಾದರೂ ಮೇಲಿನವರು ಒಂದು ದಿನ ಗದರಬಹುದು. ಗದರಲಿ. ನಿನ್ನ ತಪಾಸಣೆಯಲ್ಲಿ ಏನೂ ಸಿಗದೆ ವಿಮಾನ ಸರಿಯಾಗಿಯೇ ಇತ್ತು ಅಂತ ಆಮೇಲೆ ಗೊತ್ತಾಗಬಹುದು. ಅದಕ್ಕೂ ನಾಚಿಕೊಳ್ಳಬೇಡ. ಮತ್ತೆ ಅಂಥದ್ದೇ ಅನುಮಾನ ಬಂದರೆ ಮತ್ತೆ ಕೈ ಎತ್ತು.

ನಿನ್ನ ಊಟ ಹೇಗಿದೆ? ಬೀದರ್ ಬಿಸಿಲಿಗೆ ನೀರು ಜಾಸ್ತಿ ಕುಡಿ. ರನ್‌ವೇ ಪಕ್ಕದ ಕಾಂಕ್ರೀಟು ಮಧ್ಯಾಹ್ನ ಹೆಂಚಿಗಿಂತ ಹೆಚ್ಚು ಕಾಯುತ್ತದೆ ಅಂದಿದ್ದೆ, ತಲೆಗೆ ಬಟ್ಟೆ ಕಟ್ಟದೆ ನಿಲ್ಲಬೇಡ. ಕಿವಿಗೆ ಕೊಟ್ಟದ್ದನ್ನು ತಪ್ಪದೆ ಹಾಕಿಕೋ. ನನಗೆ ಮಷಿನ್ ಸದ್ದಿಗೆ ಎಡಗಿವಿ ಮಂದವಾದದ್ದು ಗೊತ್ತಲ್ಲ, ನೀನು ಫೋನಿನಲ್ಲಿ ಎರಡೆರಡು ಸಲ ಹೇಳಬೇಕಾಗುತ್ತದೆ. ಜೆಟ್ಟಿನ ಸದ್ದು ಅದರಪ್ಪ. ರಜೆ ಸಿಕ್ಕಿದ ಭಾನುವಾರ ಕೋಟೆ ನೋಡಿ ಬಾ, ಬಿದರಿ ಕೆಲಸ ಮಾಡುವವರ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂತು ಬಾ. ಕಪ್ಪು ಲೋಹದಲ್ಲಿ ಬೆಳ್ಳಿ ಎಳೆ ಕೂರಿಸುವ ಆ ಕೈಗಳನ್ನು ನೀನು ನೋಡಬೇಕು. ನಾವು ದೀಪಾವಳಿ ಆದ ಮೇಲೆ ಬರುತ್ತೇವೆ. ನಿಮ್ಮವ್ವನಿಗೆ ಬಸವಕಲ್ಯಾಣಕ್ಕೆ ಹೋಗಬೇಕು ಅಂತ ಬಹಳ ವರ್ಷದ ಆಸೆ, ಬೀದರ್‌ನಿಂದ ಹತ್ತಿರವಂತೆ. ಒಂದು ದಿನ ರಜೆ ಹಾಕಿಕೋ, ಮೂವರೂ ಹೋಗಿ ಬರೋಣ. ಮದುವೆ ವಿಷಯ ಅವಳು ಅಲ್ಲೇ ಎತ್ತುತ್ತಾಳೆ, ನಿನ್ನ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಮೊದಲೇ ಒಂದು ಮಾತು ಹೇಳಿಬಿಡು.

ಪಾರ್ಸೆಲ್‌ನಲ್ಲಿ ಖಡಕ್ ರೊಟ್ಟಿ, ಗುರೆಳ್ಳು ಪುಡಿ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಇದೆ. ಮಂಡಕ್ಕಿ ಹಾಕಿದರೆ ಮೆತ್ತಗಾಗುತ್ತದೆ ಅಂತ ಬಿಟ್ಟೆವು. ಜೊತೆಗಿರುವ ಹುಡುಗರಿಗೂ ಕೊಡು.

ಒಂದು ಪ್ರಶ್ನೆ ಉಳಿದಿದೆ. ಆ ಹೊಗೆಗೆ ಡೀಸೆಲ್ಲನ್ನು ಇಂಜಿನ್ನಿನ ಬಿಸಿ ಗಾಳಿಗೆ ಚಿಮ್ಮಿಸುತ್ತಾರೆ, ಬಣ್ಣ ಬೇಕಾದರೆ ಅದಕ್ಕೇ ಬಣ್ಣ ಬೆರೆಸುತ್ತಾರೆ ಅಂತ ಓದಿದೆ. ಅದನ್ನು ತುಂಬಿಸುವ ಕೆಲಸವೂ ನಿಮ್ಮದೇನಾ? ಕಲೆ ಬಟ್ಟೆಗೆ ಹತ್ತಿದರೆ ಬಿಡುತ್ತದಾ ಅಂತ ನಿಮ್ಮವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾಳೆ. ನನ್ನ ಕೂಲಂಟ್ ಎಣ್ಣೆಯ ಅಂಗಿಗಳನ್ನು ಅಷ್ಟು ವರ್ಷ ಒಗೆದವಳು. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ರಾತ್ರಿಯೇ ನೆನೆಸಿಡಬೇಕಂತೆ, ಬೆಳಿಗ್ಗೆ ಉಜ್ಜಿದರೆ ಹೋಗುತ್ತದಂತೆ.

ನಿನ್ನ
ಅಪ್ಪ